ಯುಗಾದಿವರೆಗಿನ ಚಿತ್ರಗಾರ

ಒಂದು ಚಿತ್ರವನ್ನಾದರೂ ಎಡವಟ್ಟಿಲ್ಲದೆ ಮುಗಿಸಿದೆ ಎಂದು ಹೇಳಿಕೊಳ್ಳುವ ಭಾಗ್ಯ ನನಗೆ ಬಹಳ ವರ್ಷ ಒದಗಲಿಲ್ಲ. ಮಸಿ ಒಣಗುವುದರೊಳಗೆ ಏನಾದರೊಂದು ಆಗಿಯೇ ತೀರುತ್ತಿತ್ತು. ತೊಂಬತ್ತರ ದಶಕದ ನಡುವೆ, ಬಿ.ಎ. ಮುಗಿಸಿ ಕೊಟ್ಟೂರಿನ ಮನೆಯಲ್ಲಿದ್ದೆ. ವಾರಪತ್ರಿಕೆಯ ಕಥೆಗಳಿಗೆ ಚಿತ್ರ ಬರೆಯಬೇಕೆಂಬುದೊಂದೇ ಹುಚ್ಚು. ಅಪ್ಪನದು ಕಿರಾಣಿ ಅಂಗಡಿ. ಒಂದು ದಿನ ಹೇಳಿಯೇಬಿಟ್ಟ:

"ಯುಗಾದಿ ತನಕ ನೋಡ್ತೀನಿ. ಅಷ್ಟರಾಗ ನಿನ್ನ ಚಿತ್ರದಿಂದ ಏನರ ಆತು ಅಂದ್ರ ಸರಿ. ಇಲ್ಲಾಂದ್ರ ಬಣ್ಣದ ಡಬ್ಬಿ ಅಟ್ಟಕ್ಕ, ನೀ ತಕ್ಕಡಿ ಮುಂದ."

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ನನ್ನದೇ ಅಕ್ಷರ

ಪತ್ರಿಕೆಗೆ ಚಿತ್ರ ಕಳಿಸುವಾಗ ನಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಇನ್ನೊಂದು ಲಕೋಟೆಯನ್ನೂ ಒಳಗಿಡಬೇಕಿತ್ತು. ಚಿತ್ರ ಬೇಡವಾದರೆ ಅದರಲ್ಲೇ ತುಂಬಿ ಹಿಂದಕ್ಕೆ ಕಳಿಸುತ್ತಿದ್ದರು. ಹೀಗಾಗಿ ಲಕೋಟೆಯ ಮೇಲೆ ನನ್ನ ಅಕ್ಷರ ಕಂಡರೇ ಎದೆ ಧಸಕ್ಕೆನ್ನುತ್ತಿತ್ತು. ಮನೆ ಮುಟ್ಟುವ ಮೊದಲೇ ಅದನ್ನು ಹಿಡಿಯಬೇಕೆಂದು ಓಣಿಯ ತುದಿಯಲ್ಲಿ ಪೋಸ್ಟ್‌ಮನ್ನನ್ನು ಕಾಯುತ್ತಿದ್ದೆ. ಆ ಮಹರಾಯ ದೂರದಿಂದಲೇ ಇಡೀ ಓಣಿಗೆ ಕೇಳುವಂತೆ ಕೂಗುವನು:

"ತಮ್ಮಾ, ನಿನಗ ನೀನ ಬರದ ಪತ್ರ ಮತ್ತ ಬಂದೈತಿ ನೋಡು!"

ಅವ್ವನಿಗೆ ಮಾತ್ರ ಇದರ ಗುಟ್ಟು ಗೊತ್ತಿರಲಿಲ್ಲ. ಪಕ್ಕದ ಮನೆಯವರ ಮುಂದೆ ಬೀಗುತ್ತಿದ್ದಳು: "ನಮ್ಮ ಹುಡುಗಗ ಬೆಂಗಳೂರಿನಿಂದ ವಾರ ತಪ್ಪದ ಪತ್ರ ಬರ್ತಾವ. ಅಲ್ಲಿಯವರಿಗೆ ಇವನು ಅಂದ್ರ ಭಾಳ ಜೀವ!"

ಹಸಿದ ಕಪ್ಪೆ

ಕಾಯುವವನ ಕೈ ಸುಮ್ಮನಿರಬೇಕಲ್ಲ. ಹಗರಿಬೊಮ್ಮನಹಳ್ಳಿಯ ಪಿಯುಸಿ ಹುಡುಗರು ಜೀವಶಾಸ್ತ್ರದ ರೆಕಾರ್ಡ್ ಪುಸ್ತಕಗಳನ್ನು ತಂದು, ಚಿತ್ರ ಬರೆದುಕೊಡಿ ಎಂದು ಸುರಿದರು. ಹನ್ನೊಂದು ಪುಸ್ತಕ, ಹನ್ನೊಂದು ಕಪ್ಪೆ. ಎಲ್ಲವೂ ಹೊಟ್ಟೆ ಸೀಳಿಸಿಕೊಂಡು ಅಂಗಾತ ಮಲಗಿದವು. ಆರನೆಯದಕ್ಕೆ ಬರುವಷ್ಟರಲ್ಲಿ ತಲೆ ಚಿಟ್ಟು ಹಿಡಿದು, ಕಪ್ಪೆಯ ನಾಲಿಗೆ ಹೊರಗೆ ಚಾಚಿಸಿ ಮುಂದೊಂದು ನೊಣ ಬರೆದೆ. ಅದೆಷ್ಟು ಚೆಂದ ಬಂತೆಂದರೆ, ಉಳಿದ ಹತ್ತಕ್ಕೂ ಒಂದೊಂದು ನೊಣ ದಯಪಾಲಿಸಿದೆ.

ಪ್ರಾಯೋಗಿಕ ಪರೀಕ್ಷೆಗೆ ಬಂದ ಪರೀಕ್ಷಕರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಕೇಳಿದರಂತೆ: "ಕರುಳು ಹೊರಗ ಬಿದ್ದಾವ. ಈ ಕಪ್ಪಿ ನೊಣ ಹೆಂಗ ಹಿಡಿತೈತೋ?"

ಎದುರಿಗಿದ್ದ ಹುಡುಗ ಕೈಕಟ್ಟಿ ನಿಂತು ಹೇಳಿದನಂತೆ: "ಬೆಳಿಗ್ಗಿಂದ ಅದಕ್ಕ ಏನೂ ಹಾಕಿಲ್ರಿ ಸರ್."

ಬಾಡದ ಹೂವು

ಆಮೇಲೆ ತೀರಿಕೊಂಡವರ ಚಿತ್ರ ಬರೆದುಕೊಡುವ ಕೆಲಸ ಬರತೊಡಗಿತು. ನಮ್ಮ ಕಡೆ ಮನೆಯ ಪಡಸಾಲೆಯಲ್ಲಿ ಹಿರಿಯರ ಚಿತ್ರಕ್ಕೆ ಹಾರ ಇರಲೇಬೇಕು. ಹಣೆಗೆ ವಿಭೂತಿ ಎಷ್ಟು ಮುಖ್ಯವೋ ಕೊರಳಿಗೆ ಹೂವು ಅಷ್ಟೇ ಮುಖ್ಯ. "ದಿನಾ ಹೂ ಏರಸಾಕ ಯಾರಿಗೆ ಪುರಸೊತ್ತೈತ್ರಿ? ಹಾರನೂ ನೀವ ಬರದುಬಿಡ್ರಿ" ಎಂದು ಯಾರೋ ಒಬ್ಬರು ಅಂದರು. ಬರೆದೆ. ಕೆಳಗೊಂದು ಉರಿಯುವ ದೀಪವನ್ನೂ ಸೇರಿಸಿದೆ. ಅಲ್ಲಿಂದ ಎಲ್ಲರಿಗೂ ಅದೇ ಬೇಕಾಯಿತು. ಮುಖ ಮುಗಿದ ಕೂಡಲೇ ಕುಂಚ ತಾನೇ ಬಿಳಿ ಬಣ್ಣಕ್ಕೆ ಹೋಗುವಷ್ಟು ರೂಢಿಯಾಯಿತು.

ಹಿರೇಹಡಗಲಿಯ ಒಂದು ಮನೆಯಲ್ಲಿ ಅಜ್ಜಿಯದೆಂದು ಇದ್ದದ್ದು ಮದುವೆಯ ಗುಂಪಿನ ಫೋಟೊ ಒಂದೇ. ಅದರಲ್ಲೂ ಸೆರಗು ಮೂಗಿನ ತನಕ. "ಅವ್ವನ ಮೂಗು ನನ್ನಂಗ" ಎಂದ ಮಗ. "ಅಲ್ಲ, ನನ್ನಂಗ" ಎಂದಳು ಮಗಳು. ಸೊಸೆ ಮಾತ್ರ ಎಲ್ಲರೂ ಒಳಗೆ ಹೋಗುವ ತನಕ ಕಾದು, ಮೆಲ್ಲಗೆ ಹೇಳಿದಳು:

"ಕಣ್ಣು ಸ್ವಲ್ಪ ಆ ಕಡೆ ಹೊಳ್ಳಿಸಿ ಬರೀರಿ ಅಣ್ಣಾರ. ಇಷ್ಟು ವರ್ಷ ನನ್ನ ಕಡೆ ನೋಡಿದ್ದು ಸಾಕು."

ಮಾಸ್ತರ ಪರದೆ

ಯುಗಾದಿಗೆ ಹದಿನೈದು ದಿನವಿತ್ತು. ಮಾಗಳದ ನಿವೃತ್ತ ಹೆಡ್ಮಾಸ್ತರರಿಗೆ ಎಂಬತ್ತು ತುಂಬಿತ್ತೆಂದು ಮಕ್ಕಳು ಸನ್ಮಾನ ಇಟ್ಟುಕೊಂಡರು. ವೇದಿಕೆಯಲ್ಲಿ ಅನಾವರಣ ಮಾಡಲು ದೊಡ್ಡದೊಂದು ಚಿತ್ರ ಬೇಕು ಎಂದು ನನ್ನಲ್ಲಿಗೆ ಬಂದರು. ಅಪ್ಪ ಆ ಮಾಸ್ತರರದೇ ಶಿಷ್ಯ. "ನಾನೂ ಬರ್ತೀನಿ. ನೀ ಏನು ಮಾಡ್ತೀ ಅಂತ ಒಮ್ಮೆ ಕಣ್ಣಾರೆ ನೋಡೇಬಿಡ್ತೀನಿ" ಎಂದ. ನನ್ನ ಹಣೆಬರಹ ತೀರ್ಮಾನವಾಗುವುದು ಅಲ್ಲಿಯೇ ಎಂದು ನನಗೆ ತಿಳಿದುಹೋಯಿತು.

ಚಿತ್ರ ಮುಗಿಸಬೇಕಾದ ದಿನವೇ ಪತ್ರಿಕೆಯಿಂದ ನನ್ನ ಅಕ್ಷರದ ಲಕೋಟೆ ಮತ್ತೆ ಬಂತು. ತಲೆ ಕೆಟ್ಟುಹೋಯಿತು. ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮುಗಿಸಿತು. ಬಣ್ಣ ಆರಿದ್ದೇ ತಡ, ನೋಡುವ ಮನಸ್ಸೂ ಇಲ್ಲದೆ ಬಟ್ಟೆ ಸುತ್ತಿ, ಅಪ್ಪನ ಜೊತೆ ಬಸ್ಸು ಹತ್ತಿದೆ.

ಮಾಸ್ತರರು ಪೇಟ ಸುತ್ತಿಕೊಂಡು ವೇದಿಕೆಯ ಮೇಲೆ ಕೂತಿದ್ದರು. ಚಪ್ಪಾಳೆಯ ನಡುವೆ ಹಿರಿಯ ಮಗ ಬಟ್ಟೆ ಎಳೆದ. ಚಪ್ಪಾಳೆ ಅರ್ಧಕ್ಕೇ ನಿಂತಿತು. ಚಿತ್ರದಲ್ಲಿ ಮಾಸ್ತರರ ಕೊರಳಿಗೆ ಮಲ್ಲಿಗೆ ಹಾರ, ಕೆಳಗೊಂದು ಉರಿಯುವ ದೀಪ!

ಅದೇ ಹೊತ್ತಿಗೆ ತಡವಾಗಿ ಬಂದ ಮಾಸ್ತರರ ತಂಗಿ ಬಾಗಿಲಲ್ಲಿ ನಿಂತಳು. ಜನರ ತಲೆಗಳ ಮೇಲೆ ಅವಳಿಗೆ ಕಂಡದ್ದು ಚಿತ್ರ ಒಂದೇ. ಎದೆ ಬಡಿದುಕೊಂಡು ಕೂತುಬಿಟ್ಟಳು: "ಅಯ್ಯೋ ಯಣ್ಣಾ, ನನಗ ಒಂದು ಮಾತು ಹೇಳದ ಹೋದೆಲ್ಲೋ!"

"ಇಲ್ಲೇ ಅದೀನಿ, ಸುಮ್ನಿರವಾ!" ಎಂದು ವೇದಿಕೆಯಿಂದ ಮಾಸ್ತರರು ಕೂಗಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಎದ್ದು, ಕೋಲೂರಿ ಚಿತ್ರದ ಹತ್ತಿರ ಬಂದರು. ಮೂಗು ತಾಗುವಷ್ಟು ಸಮೀಪ ನಿಂತು, ಶಾಲೆಯ ಪಾಟಿ ನೋಡಿದಂತೆ ನೋಡಿದರು.

"ಮುಖ ಪಾಸು. ಹಾರ ನಪಾಸು. ಹಡಗಲಿ ಮಲ್ಲಿಗಿ ಮೊಗ್ಗು ಇಷ್ಟು ದಪ್ಪ ಇರ್ತಾವೇನೋ? ತಿದ್ದಿ ತಗೊಂಬಾ. ಅಳಿಸಬ್ಯಾಡ ಮತ್ತ, ಮುಂದ ಬೇಕಾಗತೈತಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಅಪ್ಪ ನಗಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತ. ಇನ್ನು ತಕ್ಕಡಿಯೇ ಗತಿ ಎಂದುಕೊಂಡೆ. ಕೊಟ್ಟೂರು ಇನ್ನೇನು ಬಂತು ಎನ್ನುವಾಗ ಅಪ್ಪ ಕೆಮ್ಮಿ ಹೇಳಿದ:

"ಮೂವತ್ತು ವರ್ಷ ಅಂಗಡಿ ಮಾಡೀನಿ. ನನ್ನ ಸಾಮಾನು ನೋಡಿ ಒಬ್ರೂ ಎದಿ ಬಡಕೊಂಡು ಅತ್ತಿಲ್ಲ. ನಿನ್ನ ಕೈಯಾಗ ಏನೋ ಐತಿ, ಬರಿ. ಅಟ್ಟದ ಮಾತು ಬಿಡು."

ನನ್ನ ಕಣ್ಣು ತುಂಬಿ ಬಂತು. ಅಪ್ಪ ಬಸ್ಸಿನಿಂದ ಒಂದು ಕಾಲು ಕೆಳಗಿಟ್ಟವನು ತಿರುಗಿ ನನ್ನ ಕಡೆ ಬೆರಳು ತೋರಿಸಿದ:

"ಆದ್ರ ನನ್ನ ಚಿತ್ರ ಮಾತ್ರ ನಾ ಇರೋ ತನಕ ಬರೀಬ್ಯಾಡ!"