ಗುರುಶಾಂತಪ್ಪನ ಕೊಳೆಸುವ ಯಂತ್ರ

"ಬರ್ರಿ ಫಿಲೋಮಿನಾ ಟೀಚರ್! ಒಳಗ ಕಸ ಹಾಕೂದು, ಹೊರಗ ಗೊಬ್ಬರ ತಗೊಳ್ಳೂದು. ಐದೇ ನಿಮಿಷ!"

ಹುಬ್ಬಳ್ಳಿಯ ಗುರುಶಾಂತಪ್ಪ ರೈಲ್ವೆ ಮೆಕ್ಯಾನಿಕ್ ಕೆಲಸದಿಂದ ನಿವೃತ್ತನಾದ ಮೇಲೆ ಕಟ್ಟಿದ ಹನ್ನೊಂದನೆಯ ಯಂತ್ರ ಅದು. ಹಳೇ ವಾಷಿಂಗ್ ಮಷೀನಿನ ಹೊಟ್ಟೆ, ನೆತ್ತಿಯ ಮೇಲೊಂದು ಉಗಿ ಕೊಳವೆ. ಪಕ್ಕದ ಮನೆಯ ಟೀಚರ್ ಓದುತ್ತಿದ್ದ ಪೇಪರ್ ಹಿಡಿದುಕೊಂಡೇ ಬಂದರು. ಹೆಂಡತಿ ಕಸ್ತೂರೆವ್ವ ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. ಹಿಂದಿನ ಹತ್ತು ಯಂತ್ರಗಳನ್ನು ಕಂಡವಳು ಆಕೆ!

ಆದರೂ ಅವಳ ಮನಸ್ಸಿನಲ್ಲಿ ಸಣ್ಣದೊಂದು ಆಸೆ ಇತ್ತು. ಯಂತ್ರ ನಿಂತಿದ್ದ ಹಿತ್ತಿಲೆಂದರೆ ಬರೀ ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆ. ಮೂರು ವರ್ಷದಿಂದ ಅವಳು ಹಾಕಿದ ಹೀರೆ ಬೀಜವೆಲ್ಲ ಎರಡೆಲೆ ಬಿಟ್ಟು ಸಾಯುತ್ತಿತ್ತು. "ಈ ಮಣ್ಣಿನ ಹೊಟ್ಟ್ಯಾಗ ಏನೂ ಇಲ್ಲ" ಎಂದು ಒಂದು ದಿನ ಕಣ್ಣೊರೆಸಿಕೊಂಡಿದ್ದಳು. ಅವನು ಅದನ್ನು ಕೇಳಿಸಿಕೊಂಡಿದ್ದ.

ಬಾಳೆಸಿಪ್ಪೆ ಒಳಗೆ ಹೋಯಿತು. ಗುಂಡಿ ಒತ್ತಿದ. ಗುರ್ರ್! ಐದು ನಿಮಿಷಕ್ಕೆ ಹೊರಗೆ ಬಿದ್ದದ್ದು ಕಾಡಿಗೆಯಂಥ ಕಪ್ಪು ಗೊಬ್ಬರ!

"ಕೊಳೆಸೋ ಸೂಕ್ಷ್ಮಜೀವಿಗೆ ಸಾವಿರ ಪಟ್ಟು ಚುರುಕು ಕೊಟ್ಟೀನಿ," ಅಂದ ಗುರುಶಾಂತಪ್ಪ. "ಗಿಡದಾಗಿನ ಸತ್ವ ತಿರುಗಿ ಮಣ್ಣಿಗೆ!"

"ಮತ್ತ ಇದು ಇಷ್ಟ್ಯಾಕ ಬಿಸಿ ಆಗೇತ್ರಿ?" ಟೀಚರ್ ಕೇಳಿದರು.

"ಕೊಳೀಬೇಕಾದ್ರ ಬಿಸಿ ಬರೂದ! ಸತ್ವ ತಿರುಗಿ ಬರತೈತಿ, ಶಕ್ತಿ ಕಾವಾಗಿ ಹಾರಿ ಹೋಗತೈತಿ."

ಕಾವಿನ ಜೊತೆ ಕೊಳವೆಯಿಂದ ಸೂಕ್ಷ್ಮಜೀವಿಗಳೂ ಹಾರುತ್ತಿದ್ದವು. ಅದು ಅವನಿಗೆ ಹೊಳೆದಿರಲಿಲ್ಲ. ಟೀಚರ್ ಕೈಯಲ್ಲಿದ್ದ ಪೇಪರ್ ಪುಡಿಪುಡಿಯಾಗಿ ಉದುರಿತು. ಮೂಲೆಯ ಕಸಬರಿಗೆ ಕರಗಿತು!

"ಅಯ್ಯೋ, ಏನ್ರಿ ಇದು!"

"ಪೇಪರ್ ಅಂದ್ರ ಕಟ್ಟಿಗಿ ಅಲ್ಲೇನ್ರಿ? ಹೊರಬಿದ್ದ ಸೂಕ್ಷ್ಮಜೀವಿಗೆ ಕಸ ಯಾವುದು, ಸಾಮಾನು ಯಾವುದು ತಿಳ್ಯಾಂಗಿಲ್ಲ!"

"ಧೋತ್ರ ನೋಡ್ಕೋರಿ!" ಕಸ್ತೂರೆವ್ವ ಕೂಗಿದಳು.

ಹತ್ತಿಯೂ ಗಿಡದ್ದೇ ತಾನೆ! ಧೋತ್ರ ಮೊಣಕಾಲಿನವರೆಗೆ ಗೊಬ್ಬರವಾಗಿತ್ತು. ಗುರುಶಾಂತಪ್ಪ ಪ್ಲಾಸ್ಟಿಕ್ ತಾಡಪತ್ರಿ ಸುತ್ತಿಕೊಂಡು ಕುಣಿದಾಡಿದ.

"ನಮ್ಮನ್ನೂ ತಿಂತೈತೇನ್ರಿ?" ಟೀಚರ್ ಚೀರಿದರು.

"ಬದುಕಿದ್ದವರಿಗೆ ಭಯ ಇಲ್ಲ! ಉಂಡ ಅನ್ನದ ಶಕ್ತಿ ಖರ್ಚು ಮಾಡಿ ನಮ್ಮ ಮೈ ಕೊಳೀದಂಗ ಕಾಯ್ತೈತಿ!"

ಟೀಚರ್ ಧೈರ್ಯ ಸಾಲದೆ, ಸೀರೆ ಬಿಗಿ ಹಿಡಿದು ಮನೆಗೆ ಓಡಿದರು. ಉಗಿ ಅಡುಗೆಮನೆಗೆ ನುಗ್ಗಿತು. ತೊಗರಿಬೇಳೆ, ಅಕ್ಕಿ, ರೊಟ್ಟಿ ಬುಟ್ಟಿ ಎಲ್ಲ ಕಪ್ಪು! ಅವಸರದಲ್ಲಿ ಗುರುಶಾಂತಪ್ಪ ಗುಂಡಿ ಒತ್ತಿದರೆ ಅದು ಕೈಗೇ ಬಂತು. ನೈಲಾನ್ ಸೀರೆ ಉಟ್ಟಿದ್ದ ಕಸ್ತೂರೆವ್ವ ಮೂಗು ಮುಚ್ಚಿಕೊಂಡು ಮುನ್ನುಗ್ಗಿ ವೈರನ್ನೇ ಎಳೆದು ಹಾಕಿದಳು. ಯಂತ್ರ ನಿಂತಿತು.

ತಕ್ಷಣ ಅವಳಿಗೆ ನೆನಪಾಯಿತು. ಕೌದಿ! ಅವ್ವ ಹಳೇ ಸೀರೆಗಳನ್ನೆಲ್ಲ ಸೇರಿಸಿ, ಕಣ್ಣು ಮಂಜಾದ ಮೇಲೂ ಕೈಯಳತೆಯಲ್ಲೇ ಹೊದೆಯಲು ಹೊಲಿದು ಕೊಟ್ಟ ಕೌದಿ. ಕೋಣೆಗೆ ಓಡಿ ಎತ್ತಿದರೆ ಬೊಗಸೆ ತುಂಬ ಕಪ್ಪು ಪುಡಿ, ಇನ್ನೂ ಬೆಚ್ಚಗಿತ್ತು.

ಅವಳು ಅಲ್ಲೇ ಕೂತಳು. ಗುರುಶಾಂತಪ್ಪ ತಾಡಪತ್ರಿಯಲ್ಲೇ ಬಾಗಿಲಿಗೆ ಬಂದು ನಿಂತ.

"ನಿನ್ನ ಹೀರಿಕಾಯಿ ಸಲುವಾಗಿ ಮಾಡಿದ್ದೆ," ಎಂದ, ಕಳ್ಳನಂತೆ.

ಕಸ್ತೂರೆವ್ವ ಆ ಪುಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ಎದ್ದು ಅದನ್ನೂ, ಬೇಳೆಯಾಗಿದ್ದ ಗೊಬ್ಬರವನ್ನೂ ಯಂತ್ರದ ಬುಡಕ್ಕೆ ಸುರಿದು ನಾಲ್ಕು ಬೀಜ ಊರಿದಳು. "ಅವ್ವನ ಕೈ ಹಸನಿತ್ತು. ನೋಡೂಣು."

ಚುರುಕು ಸೂಕ್ಷ್ಮಜೀವಿಗಳು ಮಣ್ಣಿನಲ್ಲೂ ಸುಮ್ಮನಿರಲಿಲ್ಲ. ಸಂಜೆಗೆ ಮೊಳಕೆ, ಮರುದಿನ ಬಿಸಿಲೇರಿದಂತೆ ಬಳ್ಳಿ ಸರಸರ ಎದ್ದಿತು!

"ಗೊಬ್ಬರ ಬರೀ ಸತ್ವ ಕೊಡತೈತಿ. ಬಳ್ಳಿ ಅನ್ನ ಮಾಡ್ಕೊಂಡು ಉಣ್ಣಾಕ ಬಿಸಿಲು ಬೇಕು!" ಎಂದು ಗುರುಶಾಂತಪ್ಪ ವಿವರಿಸುತ್ತಿದ್ದಂತೆ ಬಳ್ಳಿ ಯಂತ್ರವನ್ನು ತಬ್ಬಿಕೊಂಡಿತು. ನೀರಿನ ಟ್ಯಾಂಕಿನ ಕಬ್ಬಿಣದ ಕಂಬ ಹಿಡಿದು ಏರಿತು. ಮಧ್ಯಾಹ್ನಕ್ಕೆ ವಾಷಿಂಗ್ ಮಷೀನಿನ ಹೊಟ್ಟೆ ಹೀರೆಕಾಯಿಗಳ ನಡುವೆ ಎರಡಾಳೆತ್ತರದಲ್ಲಿ ತೂಗುತ್ತಿತ್ತು!

ಟೀಚರ್ ಕಾಂಪೌಂಡಿನಾಚೆಯಿಂದ ಬಾಯಿ ತೆರೆದು ನೋಡಿದರು. ಗುರುಶಾಂತಪ್ಪ ಯಂತ್ರ ಇಳಿಸಲು ಏಣಿ ತಂದ.

ಕಸ್ತೂರೆವ್ವ ಒಂದು ಹೀರೆಕಾಯಿ ಕಿತ್ತು, ಮೂಸಿ, ಸೆರಗಿನಲ್ಲಿ ಒರೆಸಿದಳು.

"ಏಣಿ ಒಳಗಿಡ್ರಿ," ಅಂದಳು. "ನಿಮ್ಮ ಯಂತ್ರ ಅಲ್ಲೇ ಹಣ್ಣಾಗಲಿ."