ಇಲ್ಲಿ ಗಂಡಸರು ಸಿಗುತ್ತಾರೆ

ಶಿಗ್ಗಾಂವದ ಪೇಟೆಯಲ್ಲಿ ನಮ್ಮದು ಮೂರು ತಲೆಮಾರಿನ ಗಂಡಸರ ಬಟ್ಟೆ ಅಂಗಡಿ. ಅಜ್ಜ ಧೋತರ, ಟೊಪ್ಪಿಗೆ ಮಾರಿದ. ಅಪ್ಪ ಪ್ಯಾಂಟ್‌ಪೀಸು ಮಾರಿದ, ಆಮೇಲೆ ರೆಡಿಮೇಡ್ ಪ್ಯಾಂಟೂ ಇಟ್ಟ. ನಾನು ಬರೀ ರೆಡಿಮೇಡ್ ಮಾರುತ್ತೇನೆ. ಬಟ್ಟೆ ಬದಲಾಯಿತು, ಮೆಟ್ಟಿಲು ಹತ್ತಿ ಬರುವ ಮಂದಿಯ ತಮಾಷೆ ಮಾತ್ರ ಬದಲಾಗಲಿಲ್ಲ. ಹಂಗಾಗಿ ಅಂಗಡಿಗೆ ಟೀವಿ ಬೇಕು ಅಂತ ನಮಗೆಂದೂ ಅನ್ನಿಸಿಲ್ಲ.

ಬೋರ್ಡು

ಅಜ್ಜ ಜಿಪುಣನಲ್ಲ, ಮಿತವ್ಯಯಿ. ಹಾಗಂತ ಅವನೇ ಹೇಳುತ್ತಿದ್ದ. 'ಇಲ್ಲಿ ಗಂಡಸರ ತರಹೇವಾರಿ ಬಟ್ಟೆಗಳು ಸಿಗುತ್ತವೆ' ಎಂದು ಬೋರ್ಡು ಬರೆಸಲು ಹೋದಾಗ ಪೇಂಟರ್ ಅಕ್ಷರದ ಲೆಕ್ಕದಲ್ಲಿ ರೇಟು ಹೇಳಿದ. "ನಡುವಿನ ಎರಡು ಶಬ್ದ ತಗದ್ಬಿಡು" ಅಂದ ಅಜ್ಜ. ಪೇಂಟರ್ ವ್ಯಾಕರಣ ಬಲ್ಲವನು. ಉಳಿದದ್ದನ್ನು ತಿದ್ದಿ 'ಇಲ್ಲಿ ಗಂಡಸರು ಸಿಗುತ್ತಾರೆ' ಎಂದು ಬರೆದು ಹೋದ.

ಮರುದಿನ ದುಂಡಸಿ ಬಸ್ಸಿನಿಂದಿಳಿದ ಒಬ್ಬ ಮುದುಕಿ, ಬೋರ್ಡನ್ನು ಯಾರ ಕಡೆಯಿಂದಲೋ ಓದಿಸಿಕೊಂಡು ಒಳಗೆ ಬಂದಳು.

"ಅಣ್ಣಾರ, ನಮ್ಮ ಮೊಮ್ಮಗಳಿಗೆ ಒಂದು ಬೇಕಾಗೇತ್ರಿ. ದುಡಿಯುವಂಥಾದ್ದು ಇದ್ರ ತೋರಸ್ರಿ."

ಅಜ್ಜನಿಗೆ ಸಿಟ್ಟು ಬಂತು. ಇಡೀ ಪೇಟೆಗೆ ಕೇಳುವಂತೆ ಒದರಿದ: "ಯವ್ವಾ, ಈ ಅಂಗಡ್ಯಾಗ ಗಂಡಸರು ಯಾರೂ ಇಲ್ಲ!"

ಬೋರ್ಡು ಸಂಜೆಯೊಳಗೆ ಬದಲಾಯಿತು. ಆ ಮಾತನ್ನು ಮಾತ್ರ ಪೇಟೆ ಇನ್ನೂ ಮರೆತಿಲ್ಲ.

ಮೂವತ್ತೆರಡು

ಒಬ್ಬ ಮಾಸ್ತರು ಇಪ್ಪತ್ತು ವರ್ಷದಿಂದ ನಮ್ಮ ಗಿರಾಕಿ. ಪ್ರತಿಸಲವೂ "ಸೊಂಟ ಮೂವತ್ತೆರಡು" ಅನ್ನುತ್ತಿದ್ದರು. ಅಪ್ಪ ಸೈಜಿನ ಚೀಟಿ ಹರಿದು ನಲವತ್ತರ ಪ್ಯಾಂಟು ಕೊಟ್ಟು, "ನಿಮ್ಮ ಸೊಂಟ ಹಂಗ ಐತಿ ನೋಡ್ರಿ, ಎಲ್ಲಾ ಯೋಗದ ಪ್ರಭಾವ" ಅನ್ನುತ್ತಿದ್ದ. ಡಿಗ್ರಿ ಮುಗಿಸಿ ಆಗಷ್ಟೇ ಗಲ್ಲಾ ಮೇಲೆ ಕುಳಿತಿದ್ದ ನನಗೆ ಪ್ರಾಮಾಣಿಕತೆಯ ರೋಗ. ಒಂದು ದಿನ ಟೇಪು ಸುತ್ತಿದೆ.

"ನಲವತ್ತು ಐತ್ರಿ ಸರ."

ಮಾಸ್ತರು ಹೊಟ್ಟೆಯ ಕಡೆ ನೋಡಲಿಲ್ಲ. ಟೇಪಿನ ಕಡೆ ನೋಡಿದರು. "ಟೇಪು ನೀರಾಗ ತೊಯ್ದೈತೇನ ತಮ್ಮಾ? ಗಿಡ್ಡಾಗೇತಿ."

ಅವರು ಶಾಲೆಯಲ್ಲಿ ಕಲಿಸುತ್ತಿದ್ದದ್ದು ಗಣಿತ.

ಗೊಂಬೆ

ಹೋದ ಮದುವೆ ಸೀಜನ್ನಿನಲ್ಲಿ ಹುಲಗೂರಿನಿಂದ ಒಬ್ಬ ಮದುಮಗ ಶೇರವಾಣಿ ಕೊಳ್ಳಲು ಬಂದ. ಪೈಜಾಮಾ ಉದ್ದವಾಯಿತೆಂದು ಅದನ್ನು ಎದುರಿನ ಟೇಲರ್ ಕಡೆ ಕಳಿಸಿದೆ. ಅವನು ತೊಟ್ಟು ಬಂದಿದ್ದ ಪ್ಯಾಂಟನ್ನು ಜೊತೆಗೆ ಬಂದಿದ್ದ ಜಾಣ ತಮ್ಮ ಚೀಲಕ್ಕೆ ಹಾಕಿಕೊಂಡು ಖಾನಾವಳಿಗೆ ಊಟಕ್ಕೆ ಹೋದ. ಮದುಮಗ ಪೈಜಾಮಾ ಇಲ್ಲದೆ, ಮೊಣಕಾಲುದ್ದದ ಶೇರವಾಣಿಯಲ್ಲೇ ಟ್ರಯಲ್ ರೂಮಿನಿಂದ ಹೊರಬಂದು ದೊಡ್ಡ ಕನ್ನಡಿಯ ಮುಂದೆ ನಿಂತ. ಆ ಸಂದಿಯಲ್ಲಿ ಇನ್ನೊಬ್ಬ ಗಿರಾಕಿ ರೂಮು ಸೇರಿ ಚಿಲಕ ಹಾಕಿಕೊಂಡ.

ಆಗಲೇ ಮೆಟ್ಟಿಲ ಮೇಲೆ ದನಿ ಕೇಳಿತು. ಸವಣೂರಿನಿಂದ ಬಂದಿದ್ದ ಮದುಮಗನ ಭಾವಿ ಮಾವ!

"ಈಗ ಇವರು ನೋಡಿದ್ರ ಲಗ್ನ ಮುರದಂಗ ರೀ" ಎಂದು ಪಿಸುಗುಟ್ಟಿದ ಮದುಮಗ, ಶೇರವಾಣಿ ತೊಡಿಸಿ ನಿಲ್ಲಿಸಿದ್ದ ನಮ್ಮ ಎರಡು ಗೊಂಬೆಗಳ ನಡುವೆ ಹೋಗಿ ಕೈ ಮುಂದೆ ಚಾಚಿ, ಉಸಿರು ಹಿಡಿದು ನಿಂತ. ಗೊಂಬೆಗಳಿಗೂ ಪೈಜಾಮಾ ಇರಲಿಲ್ಲ. ನಮ್ಮ ಆಲಸ್ಯ ಮೊದಲ ಸಲ ಉಪಯೋಗಕ್ಕೆ ಬಂತು.

ಮಾವ ಟಾವೆಲು ಕೊಳ್ಳಲು ಬಂದವರು, ನೆಟ್ಟಗೆ ಗೊಂಬೆಗಳ ಹತ್ತಿರ ಹೋದರು. ನಡುವಿನ ಗೊಂಬೆಯ ಶೇರವಾಣಿಯ ತುದಿ ಹಿಡಿದು ತಿಕ್ಕಿ ನೋಡಿದರು. ಕಣ್ಣು ಕಿರಿದು ಮಾಡಿ ಮುಖವನ್ನೂ ನೋಡಿದರು.

"ಅರಿವಿ ಚಲೋ ಐತಿ. ಗೊಂಬಿನೂ ಭಾಳ ಲಕ್ಷಣ ಐತ್ರಿ. ಆದ್ರ ಏನ್ಮಾಡೋದು, ನಮ್ಮ ಅಳಿಯನ ಮಾರಿಗೆ ಇದು ಎಲ್ಲಿ ಒಪ್ಪಬೇಕು?"

ಗೊಂಬೆಗೆ ತಡೆಯಲಾಗಲಿಲ್ಲ.

"ಒಪ್ಪತೈತ್ರೀ ಮಾವಾರ!"