ಬಗ್ಗದ ಮೊಮೊಸೆ

ಜಪಾನಿನ ಕನಜಾವಾ ಊರಿನ ಹನಮೋರಿ ಮಳಿಗೆಯಲ್ಲಿ ದೂರು ಕೇಳುವ ಮೊಮೊಸೆಗೆ ಗಿರಾಕಿಗಳ ಮುಖಕ್ಕಿಂತ ಅವರ ಚಪ್ಪಲಿಗಳೇ ಹೆಚ್ಚು ಪರಿಚಯ. ಯಾರದೋ ಬಿರುಕುಬಿದ್ದ ಬಟ್ಟಲಿಗೆ, ಇನ್ಯಾರದೋ ಬಣ್ಣ ಬಿಟ್ಟ ಕಾಲುಚೀಲಕ್ಕೆ ಇಷ್ಟು ವರ್ಷ ತಲೆಬಾಗಿ ಕ್ಷಮೆ ಕೇಳಿದ್ದ. ಇವತ್ತು ಮಾತ್ರ ಬಗ್ಗುವುದಿಲ್ಲವೆಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಬಂದ.

ಕಾರಣ, ಅಮೆರಿಕದ ಮಳಿಗೆಗಳನ್ನು ಸುತ್ತಿ ಬಂದಿದ್ದ ಮ್ಯಾನೇಜರ್ ಶಿರೊಗಾನೆ. ಅಲ್ಲಿ ಯಾರೂ ಕ್ಷಮೆ ಕೇಳುವುದಿಲ್ಲವಂತೆ. ಯಾಕೆ ಏನು ಅನ್ನದೆ ಸಾಮಾನು ವಾಪಸು ತಗೊಂಡು, ದುಡ್ಡು ಕೊಟ್ಟು, ಹಲ್ಲು ತೋರಿಸಿದರೆ ಮುಗಿಯಿತಂತೆ. ಇಲ್ಲಿ ಬಗ್ಗುವುದಿಲ್ಲ, ಯಾಕೆ ಅನ್ನದೆ ವಾಪಸು ತಗೊಳ್ಳುತ್ತೇವೆ ಎಂದು ಬಾಗಿಲಿಗೆ ಬೋರ್ಡೂ ಬಿತ್ತು. ಒಂದು ದಿನ ನೋಡೋಣ, ಒಬ್ಬ ಗಿರಾಕಿ ಮುನಿದುಕೊಂಡರೂ ನಾಳೆಯಿಂದ ಹಳೇ ಪದ್ಧತಿ ಎಂದರು ಶಿರೊಗಾನೆ.

"ಗಿರಾಕಿ ಮುಂದೆ ದೀಪದ ಕಂಬದ ಥರ ನಿಂತ್ಕೊಳ್ತೀರಾ?" ಎಂದಳು ಪಕ್ಕದಲ್ಲಿ ಕೈಗವಸು ಮಾರುವ ಕುವಾಬಾರಾ. "ನಿಮ್ಮಮ್ಮ ನೋಡಿದ್ರೆ ಏನಂತಾರೆ?"

"ಕಂಬಕ್ಕೆ ಅಮ್ಮ ಇರಲ್ಲ," ಎಂದ ಮೊಮೊಸೆ.

ಬಾಗಿಲು ತೆರೆಯುತ್ತಲೇ ಉಬುಕಾತಾ ಎಂಬ ಅಜ್ಜಿ ಬಂದರು. ಬಟ್ಟೆಯ ಗಂಟು ಬಿಚ್ಚಿ, ಸೋರುವ ಚಹಾ ಕೆಟಲ್ ಇಟ್ಟು, ನಿಮಗೆ ತೊಂದರೆ ಎಂದು ತಲೆಬಾಗಿದರು. ಮೊಮೊಸೆಯ ಬೆನ್ನನ್ನು ಯಾರೋ ಹಗ್ಗ ಕಟ್ಟಿ ಎಳೆದಂತಾಯಿತು. ಸೀನು ತಡೆಯುವವನ ಮುಖ ಮಾಡಿ ಹಲ್ಲು ತೋರಿಸಿದ. ಅಜ್ಜಿ ಇನ್ನೂ ಬಗ್ಗಿದರು. ಇವನು ಇನ್ನೂ ಸೆಟೆದ.

ನೋಡಲಾರದೆ ಕುವಾಬಾರಾ ಅವನ ಪರವಾಗಿ ಬಗ್ಗಿದಳು. ಅವಳನ್ನು ಕಂಡು ಕೊಡೆ ಮಾರುವವರು, ಅವರನ್ನು ಕಂಡು ಟೊಪ್ಪಿಯವರು. ಅಜ್ಜಿ ಎಲ್ಲರಿಗೂ ತಿರುತಿರುಗಿ ಬಗ್ಗಿ ಏದುಸಿರು ಬಿಟ್ಟರು.

"ನೀನೊಬ್ಬನೇ ಒಳ್ಳೇವ್ನು ಕಣಪ್ಪ. ಇವರನ್ನ ನಿಲ್ಸು," ಎಂದರು. "ಎದುರಿನ ಅಂಗಡಿಗೆ ಹಿಂದೆ ಒಂದು ಚಮಚ ವಾಪಸ್ ಕೊಟ್ಟೆ. ಅವರ ಮ್ಯಾನೇಜರ್ರು ಕರ್ಬೂಜ ಹಿಡ್ಕೊಂಡು ಕ್ಷಮೆ ಕೇಳೋಕೆ ಮನೆಗೇ ಬಂದ್ರು. ಅದಕ್ಕೆ ನಾನು ಸಿಹಿ ಕಳ್ಸಿದೆ, ಅದಕ್ಕೆ ಅವರು ಹಣ್ಣು ಕಳ್ಸಿದ್ರು. ಇನ್ನೂ ಮುಗ್ದಿಲ್ಲ. ಈ ಕೆಟಲ್ಲೂ ಅಲ್ಲೀದೇ. ಇಲ್ಲಿ ಬಗ್ಗಲ್ಲ ಅಂತ ಬೋರ್ಡ್ ನೋಡಿ ತಂದೆ."

ಯಾಕೆ ಅನ್ನುವ ಹಾಗಿಲ್ಲ. ಮೊಮೊಸೆ ದುಡ್ಡು ಕೊಟ್ಟ. ಅಜ್ಜಿ ನಗುತ್ತಾ ಹೋದರು. ಅವನು ಕುವಾಬಾರಾ ಕಡೆ ಎದೆಯುಬ್ಬಿಸಿ ನೋಡಿದ. ಶಿರೊಗಾನೆಗೂ ಖುಷಿಯೇ, ಆದರೆ ಎದುರಿನವರ ಸಾಮಾನು ಇಟ್ಟುಕೊಳ್ಳುವುದು ಮರ್ಯಾದೆಯಲ್ಲ, ನೀವೇ ಕೊಟ್ಟು ಬನ್ನಿ ಎಂದರು.

ಎದುರಿನ ಅಂಗಡಿಯವರೆಲ್ಲ ಕೆಟಲ್ ಕಂಡದ್ದೇ ಗಾಳಿಗೆ ಭತ್ತ ಮಲಗಿದ ಹಾಗೆ ಬಗ್ಗಿದರು. ಮೊಮೊಸೆ ಬಗ್ಗಲಿಲ್ಲ. ಗೆದ್ದು ವಾಪಸು ಬಂದರೆ ತನ್ನ ಕೌಂಟರಿನಿಂದ ಮೆಟ್ಟಿಲವರೆಗೆ ಸಾಲು. ಉಬುಕಾತಾ ಅಜ್ಜಿ ಊರಿಗೆಲ್ಲ ಹೇಳಿದ್ದರು. ಎಲ್ಲರ ಕೈಯಲ್ಲೂ ಎದುರಿನ ಅಂಗಡಿಯಲ್ಲಿ ಕೊಂಡ ಸಾಮಾನಿನ ಗಂಟು.

"ಬಗ್ಗಿ ಮಾರಾಯ್ರೇ," ಶಿರೊಗಾನೆ ಕಿವಿಯಲ್ಲಿ ಗೋಗರೆದರು. "ಅವರ ಸಾಮಾನಿಗೆಲ್ಲ ನಮ್ಮ ದುಡ್ಡು ಹೋಗ್ತಿದೆ. ನೀವು ಬಗ್ಗಿದ್ರೆ ಎಲ್ರೂ ಓಡಿಹೋಗ್ತಾರೆ."

"ಇವತ್ತು ಆಗಲ್ಲ ಸರ್."

ಬಾಣಲೆ ಹೊತ್ತ, ಪಾತ್ರೆ ಹೊತ್ತ, ರಸ್ತೆ ದಾಟಿದ, ಸೆಟೆದು ನಿಂತ, ಮತ್ತೆ ಬಂದ. ಸಂಜೆ ಉಪ್ಪಿನಕಾಯಿಯ ದೊಡ್ಡ ಭರಣಿ ಹೊತ್ತು ಹೋಗಿ ಎದುರಿನ ಅಂಗಡಿಯ ನೆಲದ ಮೇಲೆ ಇಳಿಸಿದಾಗ ಸೊಂಟ ಕಳಕ್ ಅಂದಿತು. ಮೇಲೇಳಲಾಗಲಿಲ್ಲ.

ಎದುರಿನವರು ದಂಗಾದರು. ಇಷ್ಟು ಆಳವಾಗಿ ಬಗ್ಗಿದವರನ್ನು ಅವರು ಕಂಡಿರಲಿಲ್ಲ. ಅವರ ಮ್ಯಾನೇಜರಂತೂ ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಿದರು.

"ಇದು ಬಗ್ಗಿದ್ದಲ್ಲ," ಎಂದು ಮೊಮೊಸೆ ನೆಲಕ್ಕೆ ಹೇಳಿದ.